ದಿನ ತುಂಬುವ ಹೊತ್ತು

21 ನವೆಂಬರ್ 1979, ಬುಧವಾರ. ಯಲಬುರ್ಗಾ

ಕೊಪ್ಪಳದಿಂದ ಮೇಲ್ವಿಚಾರಕರ ಕಾಗದ ಬಂತು. ಮೂರು ಸಲ ಓದಿದೆ. ಡಿಸೆಂಬರ್ ಎರಡನೇ ತಾರೀಖು ಭಾನುವಾರ ಈ ಭಾಗದ ಕ್ರೈಸ್ತ ಸಭೆಗಳೆಲ್ಲ ಕೊಪ್ಪಳದಲ್ಲಿ ಕೂಡುತ್ತವೆ. ಆ ದಿನ ಎಲ್ಲರ ಮುಂದೆ ನಿಂತು ಪ್ರಸಂಗ ಮಾಡುವುದು ನಾನಂತೆ. ವಿಷಯವನ್ನೂ ಅವರೇ ಗೊತ್ತು ಮಾಡಿದ್ದಾರೆ: ‘ಕಾಲ ತುಂಬಿದಾಗ’. ದೇವರು ಮನುಷ್ಯನಾಗಿ ಹುಟ್ಟಲು ಆ ಕಾಲವನ್ನೇ ಏಕೆ ಆರಿಸಿಕೊಂಡ? ಸಾವಿರ ವರ್ಷ ಮೊದಲು ಏಕಲ್ಲ, ಸಾವಿರ ವರ್ಷ ಆಮೇಲೆ ಏಕಲ್ಲ?

ಕಾಗದದ ಕೊನೆಯ ಸಾಲು: ‘ಮಾರ್ಚ್‌ನಲ್ಲಿ ಸಭಾಪಾಲಕ ದೀಕ್ಷೆಗೆ ಹೆಸರು ಕಳಿಸುವುದಿದೆ. ಅದಕ್ಕೆ ಮುಂಚೆ ಹಿರಿಯರು ನಿಮ್ಮನ್ನೊಮ್ಮೆ ಕೇಳಲಿ.’

ಹನ್ನೊಂದು ವರ್ಷದಿಂದ ಉಪದೇಶಿಯಾಗಿಯೇ ಇದ್ದೇನೆ. ಹಳ್ಳಿ ಹಳ್ಳಿ ಸೈಕಲ್ ತುಳಿದು ಹಾಡು ಕಲಿಸುವುದು, ಪ್ರಾರ್ಥನೆ ಮಾಡುವುದು, ಹೆಣ ಮಣ್ಣು ಮಾಡುವುದು. ನನ್ನ ಕೈಕೆಳಗೆ ಕಲಿತ ಇಬ್ಬರು ಈಗ ಪಾಲಕರಾಗಿ ಬಿಳಿ ನಿಲುವಂಗಿ ಹಾಕುತ್ತಾರೆ. ಹೆಂಡತಿ ಮಾರ್ತಮ್ಮನಿಗೆ ಕಾಗದ ಓದಿ ಹೇಳಿದೆ. “ಛಲೋ ಆತ್ರಿ” ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳಿಗೆ ಇದರ ತೂಕ ತಿಳಿಯುವುದಿಲ್ಲ.

25 ನವೆಂಬರ್, ಭಾನುವಾರ

ಪ್ರಸಂಗ ಬೆಳೆಯುತ್ತಿದೆ. ಒಂದು: ಆಗ ರೋಮಿನವರ ಆಳ್ವಿಕೆ ಇತ್ತು, ದೇಶದಿಂದ ದೇಶಕ್ಕೆ ಕಲ್ಲು ಹಾಸಿದ ರಸ್ತೆಗಳಿದ್ದವು, ಸುವಾರ್ತೆ ಓಡಾಡಲು ದಾರಿ ಸಿದ್ಧವಾಗಿತ್ತು. ಎರಡು: ಗ್ರೀಕ್ ಮಾತು ಎಲ್ಲ ಊರಿಗೂ ತಿಳಿಯುತ್ತಿತ್ತು. ಮೂರು: ಯುದ್ಧಗಳು ನಿಂತಿದ್ದವು. ನಾಲ್ಕು: ಪ್ರವಾದಿಗಳ ಮಾತು ಕೇಳಿ ಕೇಳಿ ಯೆಹೂದ್ಯರು ಬಾಗಿಲಲ್ಲೇ ಕಣ್ಣಿಟ್ಟು ಕೂತಿದ್ದರು. ದೇವರು ಗಡಿಯಾರ ನೋಡಿಕೊಂಡೇ ಬಂದ. ಒಂದು ಕ್ಷಣ ಮುಂಚೆಯೂ ಇಲ್ಲ, ಒಂದು ಕ್ಷಣ ತಡವೂ ಇಲ್ಲ.

ಈ ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿದೆ. ಚೆನ್ನಾಗಿ ಕೂರುತ್ತದೆ.

27 ನವೆಂಬರ್, ಮಂಗಳವಾರ

ಬಳೆಗಾರ ಶಾಮೀದಸಾಬ ಬೇವೂರಿನಿಂದ ಬಂದಿದ್ದ. ಸೈಕಲ್ಲಿನಿಂದ ಬಳೆಯ ಪೆಟ್ಟಿಗೆ ಇಳಿಸುವ ಮೊದಲೇ ಅಂದ, “ಉಪದೇಶಿಗಳ, ದುರುಗಪ್ಪಜ್ಜ ಹಾಸಿಗಿ ಹಿಡದಾನ್ರಿ. ನಿಮ್ಮನ್ನ ಬಾ ಅಂತ ಹೇಳ್ಯಾನ. ಏನೋ ಒಂದು ಮಾತ ಕೇಳ್ಬೇಕಂತ.”

ದುರುಗಪ್ಪ ಬೇವೂರಿನ ಕಲ್ಲೊಡೆಯುವ ಮುದುಕ. ನಮ್ಮ ಗುಡಿಯ ಬುನಾದಿಗೆ ಕಲ್ಲು ಹೊತ್ತವನು. ನಮ್ಮ ಸಭೆಯವನಲ್ಲ, ಆದರೆ ಸಂತೆಯಲ್ಲಿ ಸಿಕ್ಕಾಗಲೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದ. ಹೋದ ವರ್ಷ ಒಮ್ಮೆ ಕೇಳಿದ್ದ, “ನಮ್ಮವ್ವ ಸತ್ತು ನಲವತ್ತು ವರ್ಷ ಆತ್ರಿ. ನಿಮ್ಮ ದೇವರ ಹೆಸರ ಆಕಿ ಕಿವಿಗಿ ಬಿದ್ದಿಲ್ಲ. ಆಕಿ ಹೊರಗಿನಾಕಿ ಏನ್ರಿ? ಅವಾ ಹುಟ್ಟೂಕಿಂತ ಮೊದಲ ಸತ್ತವ್ರು ಎಲ್ಲಾರೂ ಹೊರಗಿನವ್ರ? ಅಷ್ಟು ತಡಾ ಯಾಕ ಮಾಡಿದ ಅವಾ?” ಬಿಡುವು ಮಾಡಿಕೊಂಡು ಮನೆಗೇ ಬಂದು ಹೇಳುತ್ತೇನೆ ಎಂದಿದ್ದೆ. ಆಮೇಲೆ ಆಗಲಿಲ್ಲ.

ಬೇವೂರಿಗೆ ಸೈಕಲ್ ಮೇಲೆ ಎರಡು ತಾಸು ಹೋಗಲು, ಎರಡು ತಾಸು ಬರಲು. ಒಂದು ದಿನವೇ ಹೋಗುತ್ತದೆ. ಸಮ್ಮೇಳನ ಮುಗಿಸಿ ಸೋಮವಾರ ಬರುತ್ತೇನೆಂದು ಹೇಳಿ ಕಳಿಸಿದೆ.

29 ನವೆಂಬರ್, ಗುರುವಾರ

ಮಾರ್ತಮ್ಮ ಎರಡು ಸಲ ಕೇಳಿದಳು, “ಬೇವೂರಿಗೆ ಹೋಗಿ ಬರಬಾರದೇನ್ರಿ?” ಎರಡನೇ ಸಲ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಪ್ರಸಂಗದ ನಡುವೆ ಎಬ್ಬಿಸಿದರೆ ಎಳೆ ಕಡಿದುಹೋಗುತ್ತದೆ.

ಎಲ್ಲ ವಾದವೂ ಸರಿಯಾಗಿದೆ, ಆದರೆ ಕೊನೆ ಒಣಗಿದೆ. ಮನಸ್ಸು ತಟ್ಟುವ ಒಂದು ಉದಾಹರಣೆ ಬೇಕು.

2 ಡಿಸೆಂಬರ್, ಭಾನುವಾರ. ಕೊಪ್ಪಳ

ಆಯಿತು. ಕುಷ್ಟಗಿ, ಗಂಗಾವತಿ, ಅಳವಂಡಿ, ಎಲ್ಲ ಕಡೆಯ ಸಭೆಗಳೂ ಬಂದಿದ್ದವು. ಗುಡಿಯೊಳಗೆ ಜಾಗ ಸಾಲದೆ ಜನ ಕಿಟಕಿಯ ಹೊರಗೆ ನಿಂತಿದ್ದರು. ರೋಮಿನ ರಸ್ತೆಗಳ ಭಾಗಕ್ಕೆ ಹಿರಿಯರು ತಲೆದೂಗಿದರು. ಕೊನೆಯ ಉದಾಹರಣೆಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಲ್ವಿಚಾರಕರು ಕೈ ಹಿಡಿದು, “ಹೊಳಿಯಪ್ಪ, ಇಷ್ಟು ವರ್ಷ ನಿನ್ನ ಎಲ್ಲಿ ಮುಚ್ಚಿ ಇಟ್ಟಿದ್ವಿ?” ಎಂದರು.

ಆ ಉದಾಹರಣೆಯ ಮಾತು. ನಾನು ಅದನ್ನು ಬರೆದುಕೊಂಡಿರಲಿಲ್ಲ, ಬಾಯಿಗೆ ಬಂತು. ಬೇವೂರಿನ ಒಬ್ಬ ಕಲ್ಲೊಡೆಯುವ ಮುದುಕ ಸಾಯುವ ಹೊತ್ತಿಗೆ ನನಗೆ ಹೇಳಿ ಕಳಿಸಿದ, ನಾನು ಹಾಸಿಗೆಯ ಪಕ್ಕ ಕೂತೆ, ಅವನು ನನ್ನ ಕೈ ಹಿಡಿದು ‘ನಿಮ್ಮ ದೇವರು ನನಗೂ ಸರಿಯಾದ ಹೊತ್ತಿಗೆ ಬಂದ’ ಎಂದು ಕಣ್ಣು ಮುಚ್ಚಿದ, ಎಂದು ಹೇಳಿದೆ. ನಾಳೆ ಹೇಗೂ ಹೋಗುವವನೇ ಇದ್ದೇನೆ. ಅರ್ಧ ನಿಜ. ಹೆಸರು ಹೇಳಲಿಲ್ಲ.

4 ಡಿಸೆಂಬರ್, ಮಂಗಳವಾರ. ಯಲಬುರ್ಗಾ

ನಿನ್ನೆ ಮೇಲ್ವಿಚಾರಕರು ಊಟಕ್ಕೆ ನಿಲ್ಲಿಸಿಕೊಂಡರು. ಇವತ್ತು ಬಸ್ಸಿಳಿಯುವಾಗಲೇ ಶಾಮೀದಸಾಬ ಸಿಕ್ಕ.

“ದುರುಗಪ್ಪಜ್ಜ ಶನಿವಾರ ಮುಂಜಾನಿ ಹೋದ್ರಿ. ಅವತ್ತ ಮಣ್ಣ ಮಾಡಿದ್ರು. ನೀವು ಸೋಮವಾರ ಬರ್ತೀರಿ ಅಂತ ನಾ ಹೇಳಿದ್ದೆ. ಆದ್ರೂ ಅಜ್ಜ ಕೇಳ್ಲಿಲ್ಲ, ಬುಧವಾರದಿಂದ ಹೊರಸ ಬಾಗಲ ಕಡಿ ತಿರುಗಿಸಿ ಹಾಕಿಸ್ಕೊಂಡಿದ್ದ. ಸೈಕಲ್ ಗಂಟಿ ಕೇಳಿದ್ರ ಸಾಕು, ನೋಡ್ರಿ ಯಾರು ಬಂದ್ರು, ಅನ್ನೋನು. ಬರೀ ನಂದ ಗಂಟಿ.”

ನಾನು ಕೊಪ್ಪಳದಲ್ಲಿ ಆ ಕತೆ ಹೇಳುವಾಗ ಅವನು ಮಣ್ಣಿನಲ್ಲಿದ್ದ.

5 ಡಿಸೆಂಬರ್

ಏನೂ ಬರೆಯಲಾಗುವುದಿಲ್ಲ.

13 ಡಿಸೆಂಬರ್, ಗುರುವಾರ

ಬೇವೂರಿಗೆ ಹೋಗಿ ಬಂದೆ. ಎಂಟು ದಿನ ನೆಪ ಹುಡುಕಿದ ಮೇಲೆ.

ದುರುಗಪ್ಪನ ಹೆಂಡತಿ ಕರಿಯವ್ವ ಸುತ್ತಲಿನ ನಾಲ್ಕು ಊರಿಗೆ ಸೂಲಗಿತ್ತಿ. ಮಕ್ಕಳಿಲ್ಲ. ಒಳಗೆ ಕರೆದು ಕಂಬಳಿ ಹಾಸಿ ನೀರು ಕೊಟ್ಟಳು. ಅವನು ಮಲಗುತ್ತಿದ್ದ ಹೊರಸು ಇನ್ನೂ ಬಾಗಿಲಿಗೆ ಎದುರಾಗಿಯೇ ಇತ್ತು. ನಾನು ಸಮಾಧಾನದ ಮಾತುಗಳನ್ನು ಆಡಿದೆ. ದೇವರ ವೇಳೆ ನಮಗೆ ತಿಳಿಯುವುದಿಲ್ಲ, ಅವನು ಎಲ್ಲವನ್ನೂ ತಕ್ಕ ಕಾಲಕ್ಕೆ ಮಾಡುತ್ತಾನೆ, ಹೀಗೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತೆ ಕೇಳಿದಳು, “ನಿಮ್ಮ ದೇವರು ವ್ಯಾಳ್ಯಾಕ್ಕ ಸರಿಯಾಗಿ ಬರ್ತಾನಂತ್ರಿ. ನೀವು ಯಾಕ ಬರ್ಲಿಲ್ರಿ?”

ಕೆಲಸವಿತ್ತು ಎಂದೆ.

“ಹೌದೇಳ್ರಿ. ಕೆಲಸ ಅಂದ್ಮ್ಯಾಲ ಇರ್ತಾವ” ಎಂದು ಒಂದು ಹಿಡಿ ಶೇಂಗಾ ಹುರಿದು ಮುಂದಿಟ್ಟಳು. ತಿಂದೆ. ಹೇಗೆ ತಿಂದೆನೋ.

25 ಡಿಸೆಂಬರ್

ಕ್ರಿಸ್ಮಸ್. ಸಭೆಯವರು ಕೊಪ್ಪಳದ ಪ್ರಸಂಗವನ್ನೇ ಮಾಡಿ ಎಂದರು. ಉದಾಹರಣೆ ಬಿಟ್ಟು ಮಾಡಿದೆ. ಮುಗಿದ ಮೇಲೆ ಇಬ್ಬರು ಬಂದು, ಆ ಮುದುಕನ ಕತೆ ಯಾಕೆ ಹೇಳಲಿಲ್ಲ ಎಂದರು. ಗಂಟಲು ಸರಿ ಇಲ್ಲ ಎಂದೆ.

18 ಜನವರಿ 1980, ಶುಕ್ರವಾರ

ಸಭೆಯ ತಿಂಗಳ ಪತ್ರಿಕೆ ಬಂತು. ಎರಡನೇ ಪುಟದಲ್ಲಿ, ಚೌಕಟ್ಟಿನೊಳಗೆ: ‘ಬೇವೂರಿನ ವೃದ್ಧನ ಕೊನೆಯ ಗಳಿಗೆ’. ಮೇಲ್ವಿಚಾರಕರೇ ಬರೆದಿದ್ದಾರೆ. ನನ್ನ ಹೆಸರೂ ಇದೆ. ನಾನು ಹೇಳದ ಎರಡು ಮಾತನ್ನೂ ಸೇರಿಸಿದ್ದಾರೆ, ಮುದುಕನ ಮುಖದಲ್ಲಿ ಬೆಳಕಿತ್ತು ಇತ್ಯಾದಿ. ಜೊತೆಗೊಂದು ಕಾಗದ. ಫೆಬ್ರವರಿ ಹತ್ತರಂದು ಜೀಪಿನಲ್ಲಿ ಬರುತ್ತಾರಂತೆ, ಆ ವಿಧವೆಯನ್ನು ಕಂಡು ಪ್ರಾರ್ಥಿಸಿ ಹೋಗುತ್ತಾರಂತೆ.

ಮಾರ್ತಮ್ಮ ಓದು ಬಾರದವಳು. ಏನು ಬರದಾರ ಎಂದು ಕೇಳಿದಳು. ಏನೂ ಇಲ್ಲ, ಸಭೆಗಳ ಸುದ್ದಿ ಎಂದೆ. ಅವಳಿಗೆ ಓದು ಬಾರದಿದ್ದುದು ಒಳ್ಳೆಯದಾಯಿತು ಎಂದು ಅನಿಸಿತು. ಹಾಗೆ ಅನಿಸಿದ್ದನ್ನು ಬರೆದಿಡುತ್ತೇನೆ.

4 ಫೆಬ್ರವರಿ, ಸೋಮವಾರ

ಇವತ್ತು ನಾನು ಮಾಡಿದ್ದು ಇದು.

ಬೇವೂರಿಗೆ ಹೋದೆ. ಕರಿಯವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಕೊಪ್ಪಳದಿಂದ ದೊಡ್ಡವರು ಬರುತ್ತಾರೆ, ಸಾಯುವಾಗ ನಾನು ಇಲ್ಲಿದ್ದೆನೇ ಎಂದು ಕೇಳಬಹುದು, ಇದ್ದರು, ಕೈ ಹಿಡಿದುಕೊಂಡಿದ್ದರು ಎಂದರೆ ಸಾಕು, ಹೆಚ್ಚು ಮಾತು ಬೇಡ. ಹೇಳುವಾಗ ನನ್ನ ಧ್ವನಿ ಪ್ರಸಂಗದ ಧ್ವನಿಯ ಹಾಗೆಯೇ ಇತ್ತು. ಅದು ನನಗೇ ಕೇಳಿಸಿತು.

ಅವಳು ಒಗೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ನೀವು ಬಂದಿದ್ರಿ ಅಂತ ಹೇಳಿ ಬಂದೀರೇನ್ರಿ ಅಲ್ಲೆ?”

“ಹೌದವ್ವಾ.”

“ಹೇಳ್ದಿದ್ರ ನಿಮಗ ತ್ರಾಸ ಆಗ್ತೈತೇನ್ರಿ?”

“ಹೌದು.”

“ಆತೇಳ್ರಿ. ಹೇಳ್ತೀನಿ. ಅದಕ್ಕೇನು.” ಸೀರೆ ಹಿಂಡಿ ಬೇಲಿಗೆ ಹಾಕಿದಳು. “ನೀರ ಕುಡದು ಹೋಗ್ರಿ, ಬಿಸಲ ಭಾಳ ಐತಿ.”

ಬೈದಿದ್ದರೆ ಇವತ್ತು ಹಾಯಾಗಿ ಊಟ ಮಾಡುತ್ತಿದ್ದೆ.

10 ಫೆಬ್ರವರಿ, ಭಾನುವಾರ

ಬೇವೂರಿಗೆ ಜೀಪು ಬಂತು. ಓಣಿಯವರೆಲ್ಲ ಕೂಡಿದರು. ಶಾಮೀದಸಾಬ ಬಾಗಿಲಿನ ಬಳಿಯೇ ನಿಂತಿದ್ದ.

ಮೇಲ್ವಿಚಾರಕರು ಕರಿಯವ್ವನ ಎದುರು ನೆಲದ ಮೇಲೆ ಕೂತು, “ಅವ್ವಾ, ಯಜಮಾನರು ಹೋಗುವಾಗ ನಮ್ಮ ಉಪದೇಶಿ ಜತೀಗಿದ್ರಂತ ಕೇಳೀವಿ” ಎಂದರು.

“ಬಂದಿದ್ರಿ” ಅಂದಳು ಕರಿಯವ್ವ.

“ಕೈ ಹಿಡಕೊಂಡಿದ್ರಂತ.”

“ಹಿಡಕೊಂಡಿದ್ರಿ.”

“ಅವರು ಕಡೀಕ ಏನಂದ್ರವ್ವಾ?”

ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ಹೊರಸಿನ ಕಡೆ ನೋಡಿ ಅಂದಳು, “ಹಾದಿ ನೋಡಿದ್ದು ಸಾರ್ಥಕ ಆತು ಅಂದ್ರಿ.”

ಮೇಲ್ವಿಚಾರಕರ ಕಣ್ಣು ತುಂಬಿದವು. ಪ್ರಾರ್ಥನೆ ಮಾಡಿದರು. ನಾನು ‘ಆಮೆನ್’ ಅಂದೆ. ಕಣ್ಣು ತೆರೆದಾಗ ಶಾಮೀದಸಾಬ ಬಾಗಿಲಲ್ಲಿರಲಿಲ್ಲ.

11 ಫೆಬ್ರವರಿ

ಎಪ್ಪತ್ತು ವರ್ಷದ ಹೆಂಗಸಿನ ಬಾಯಲ್ಲಿ ಅವಳ ಸತ್ತ ಗಂಡನ ಬಗ್ಗೆ ಸುಳ್ಳು ಹೇಳಿಸಿದೆ. ಅವನು ಆಡದ, ನಾನು ಹೋಗಿದ್ದರೆ ಆಡಬಹುದಾಗಿದ್ದ ಮಾತನ್ನು.

16 ಫೆಬ್ರವರಿ, ಶನಿವಾರ

ಊಟ ಸೇರುತ್ತಿಲ್ಲ. ಮಾರ್ತಮ್ಮನಿಗೆ ಎಲ್ಲ ಹೇಳಿದೆ. ಪತ್ರಿಕೆಯನ್ನೂ ಓದಿ ಹೇಳಿದೆ. ಅವಳು ಎದ್ದು ಒಲೆಯ ಬೂದಿ ಬಳಿದಳು. ಆಮೇಲೆ, “ಕೊಪ್ಪಳದ ಮೊದಲ ಬಸ್ಸ ಎಷ್ಟಕ್ಕೈತಿ?” ಎಂದು ಮಾತ್ರ ಕೇಳಿದಳು.

20 ಫೆಬ್ರವರಿ, ಬುಧವಾರ. ಕೊಪ್ಪಳ

ಮೂರು ದಿನ ಮೊದಲ ಬಸ್ಸು ತಪ್ಪಿಸಿಕೊಂಡೆ. ಇವತ್ತು ಹತ್ತಿದೆ.

ಮೇಲ್ವಿಚಾರಕರು ತಮ್ಮ ಮನೆಯ ಪಡಸಾಲೆಯಲ್ಲಿ ಕಾಗದ ನೋಡುತ್ತಿದ್ದರು. ಕೂತುಕೊ ಎಂದರು. ಕೂರಲಿಲ್ಲ. ಎಲ್ಲ ಹೇಳಿದೆ. ಮೊದಲಿನಿಂದ ಹೇಳಬೇಕೆಂದಿದ್ದೆ, ಕೊನೆಯಿಂದ ಬಂತು, ಕರಿಯವ್ವನಿಂದ.

“ಅಂದ್ರ ನೀ ಹೋಗೇ ಇಲ್ಲ?”

“ಇಲ್ರಿ.”

“ಅವಾ ಹೇಳಿ ಕಳಿಸಿದ್ದು?”

“ಅದು ಖರೇರಿ. ನಾಕು ದಿನ ಹಾದಿ ನೋಡ್ಯಾನ. ನಾ ಪ್ರಸಂಗ ಬರಕೊಂತ ಕುಂತಿದ್ದೆ.”

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೈಯುತ್ತಾರೆಂದು ಕಾದೆ. “ನಾ ಅದನ್ನ ಗಂಗಾವತಿಯಾಗ ಹೇಳೀನಿ, ಹೊಳಿಯಪ್ಪ. ಕುಷ್ಟಗಿಯಾಗ ಹೇಳೀನಿ. ಪತ್ರಿಕಿಯಾಗ ಬರೀವಾಗ ಮುಖದಾಗ ಬೆಳಕಿತ್ತು ಅಂತ ನಾನ ಕೂಡಿಸೀನಿ.” ಕನ್ನಡಕ ಮತ್ತೆ ಹಾಕಿಕೊಂಡು, “ಮೂರು ಕಡೀನೂ ಹೋಗಿ ತಿದ್ದಬೇಕು ನಾನು” ಎಂದರು.

ದೀಕ್ಷೆಯ ಪಟ್ಟಿಯಿಂದ ಹೆಸರು ತೆಗೆಯುವುದಾಗಿ ಹೇಳಿದರು. ಯಲಬುರ್ಗಾ ಸಭೆಯ ಮುಂದೆ ನಾನೇ ಹೇಳಬೇಕು. ಸಭೆಯವರು ಕೆಲಸದಿಂದ ತೆಗೆದರೆ ತೆಗೆದರು.

ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

2 ಮಾರ್ಚ್, ಭಾನುವಾರ. ಯಲಬುರ್ಗಾ

ಹೇಳಿದೆ. ನಲವತ್ತು ಜನ. ಹೊರಗೆ ಬರುವಾಗ ಇಬ್ಬರು ಕೈ ಮುಗಿಯಲಿಲ್ಲ. ತೆಗೆಯುವುದು ಬೇಡ, ಇರಲಿ ಎಂದು ಹಿರಿಯರು ತೀರ್ಮಾನಿಸಿದರಂತೆ. ‘ಬ್ಯಾರೇದವ್ರು ಈ ಊರಿಗಿ ಯಾರ ಬರ್ತಾರ’ ಎಂದರಂತೆ.

9 ಮಾರ್ಚ್

ಶಾಮೀದಸಾಬ ಸಂತೆಯಲ್ಲಿ ಎದುರಿಗೆ ಸಿಕ್ಕ. ನಾನೇ ಮಾತಾಡಿಸಿದೆ. “ನಾ ಎಲ್ಲಾರ ಮುಂದ ಒಪ್ಪಿಕೊಂಡೆ” ಎಂದೆ. ಅವನು ಬಳೆ ಜೋಡಿಸುತ್ತಾ, “ಆಕಿ ಮುಂದ?” ಎಂದ.

12 ಮಾರ್ಚ್, ಬುಧವಾರ

ಬೇವೂರು. ಕರಿಯವ್ವನ ಕಾಲಿಗೆ ಬೀಳಲು ಹೋದೆ, ಹಿಂದೆ ಸರಿದಳು.

“ನಿನ್ನ ಕೈಲೆ ಸುಳ್ಳ ಹೇಳಿಸಿದೆ, ಅವ್ವಾ.”

“ನೀ ಹೇಳಿಸಿದ್ದು ಎರಡ ಮಾತು. ಮೂರನೇದು ನಾನ ಹೇಳಿದ್ದು.” ಹೊರಸಿನ ಮೇಲೆ ಕೂತಳು. ಈಗ ಅದು ಗೋಡೆಯ ಬದಿಗಿದೆ. “ಹಂಗ ಆಗಿದ್ರ ಛಲೋ ಇತ್ತು ಅಂತ ಅನಿಸಿತು. ಅಂದೆ. ಆ ಮುದುಕಗ ಒಂದು ಮಾತ ಕೇಳೋದಿತ್ತು ತಮ್ಮಾ. ಅದನ್ನ ಕೇಳಲಾರ್ದ ಹೋದ. ನನಗ ಕೆಟ್ಟ ಅನಸೋದು ಅದೊಂದ. ನೀ ಬಂದ್ರ ಬಂದಿ, ಬಿಟ್ರ ಬಿಟ್ಟಿ, ಅದು ನಿಂದು.”

ಅವನ ಪ್ರಶ್ನೆ ಏನೆಂದು ನನಗೆ ಗೊತ್ತು ಎಂದೆ. ಅವಳಿಗೂ ಗೊತ್ತಿತ್ತು. ಅವನ ತಾಯಿಯದು. “ಉತ್ತರ ಗೊತ್ತೈತೇನು ನಿನಗ?”

ಗೊತ್ತಿದೆ ಎಂದು ಬಾಯಿಗೆ ಬಂತು. ರಸ್ತೆ, ಭಾಷೆ, ಶಾಂತಿ, ಪ್ರವಾದಿಗಳು. ಇಲ್ಲ ಎಂದೆ.

“ಹಂಗಾದ್ರ ನಿಮ್ಮ ದೇವರ ಸುದ್ದಿ ಮೊದ್ಲಿಂದ ಓದಿ ಹೇಳು. ನಾ ಕೇಳ್ತೀನಿ. ಮುದುಕನ ಪಾಲಿಂದು.”

ಏಪ್ರಿಲ್

ಬುಧವಾರ ಬುಧವಾರ ಬೇವೂರು. ಬಿಸಿಲಿಗೆ ಮುಂಚೆ ಹೊರಡುತ್ತೇನೆ. ಒಮ್ಮೊಮ್ಮೆ ಕರಿಯವ್ವ ಹೆರಿಗೆ ಮಾಡಿಸಲು ಹೋಗಿರುತ್ತಾಳೆ, ಕಟ್ಟೆಯ ಮೇಲೆ ಕೂತು ಬರುತ್ತೇನೆ. ಸೈಕಲ್ಲಿನ ಹಿಂದಿನ ಟೈರು ಹೋಗಿದೆ.

ಈಸ್ಟರ್ ಪ್ರಸಂಗಕ್ಕೆ ಹೊಸದಾಗಿ ಏನೂ ಬರೆಯಲಿಲ್ಲ. ಇದ್ದದ್ದನ್ನು ಓದಿದೆ.

16 ಜುಲೈ, ಬುಧವಾರ

ಓದುವುದು ಬಹಳ ನಿಧಾನ. ಮೊದಲಿನಿಂದ ಓದು ಎಂದಿದ್ದಳು ಕರಿಯವ್ವ, ಹಳೆಯ ಪ್ರವಾದಿಗಳಲ್ಲೇ ನಾಲ್ಕು ತಿಂಗಳು ಹೋಯಿತು. ಪ್ರತಿಯೊಬ್ಬರ ತಾಯಿ ಯಾರು ಎಂದು ಕೇಳುತ್ತಾಳೆ. ಅರ್ಧದಷ್ಟು ನನಗೆ ಗೊತ್ತಿರುವುದಿಲ್ಲ.

ಇವತ್ತು ಹುಟ್ಟಿನ ಅಧ್ಯಾಯಕ್ಕೆ ಬಂದೆವು. ಜನಗಣತಿಗೆಂದು ಊರಿಗೆ ಹೋದದ್ದು, ಅಲ್ಲಿದ್ದಾಗ ತಾಯಿ ಮರಿಯಳಿಗೆ ದಿನ ತುಂಬಿದ್ದು, ಛತ್ರದಲ್ಲಿ ಜಾಗ ಸಿಗದೆ ಹೋದದ್ದು. ಕರಿಯವ್ವ ಕೈಯೆತ್ತಿದಳು.

“ತಡಿ. ದಿನಾ ತುಂಬಿದ್ವು ಅಂತ ಬರದೈತೇನು?”

“ಹೌದವ್ವಾ.”

“ಬರದಾಂವ ಯಾರು?”

“ಒಬ್ಬ ವೈದ್ಯ ಅಂತಾರ.”

“ಹಂಗಂದ್ರ ಸರಿ.” ಎಲೆ ಅಡಿಕೆ ತೆಗೆದಳು. “ಮತ್ತ ನೀ ಕೊಪ್ಪಳದಾಗ ರಸ್ತಾ ಗಿಸ್ತಾ ಏನೋ ಹೇಳಿದ್ಯಂತಲ್ಲ?”

ಹೇಳಿದೆ. ಕಲ್ಲಿನ ರಸ್ತೆ, ಒಂದೇ ಮಾತು, ನಿಂತ ಯುದ್ಧ. ದೇವರು ಎಲ್ಲ ಸಿದ್ಧವಾಗಲಿ ಎಂದು ಕಾದ ಎಂದು. ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು.

“ಐವತ್ತ ವರ್ಷ ಕೂಸ ಹಿಡದೀನಿ. ರಸ್ತಾ ಆಗ್ಲಿ ಅಂತ ಯಾವ ಕೂಸೂ ಕಾದಿಲ್ಲ, ತಮ್ಮಾ. ಮನ್ಯಾಗ ಜಾಗಾ ಐತೋ ಇಲ್ಲೋ ಅಂತ ಕೇಳಿಲ್ಲ. ಹೊರಗಿಂದು ಸಿದ್ಧ ಆದ್ರ ಅಲ್ಲ, ಒಳಗಿಂದು ತುಂಬಿದ್ರ ಬರ್ತೈತಿ. ಅದಕ್ಕ ನೋಡು, ಜಾಗಾ ಸಿಗ್ಲಿಲ್ಲ ಅಂತ ನೀನ ಓದಿದಿ.”

“ಆದ್ರ ಅಷ್ಟು ಸಾವಿರ ವರ್ಷ ಯಾಕ ಅವ್ವಾ?”

“ಬಸರಿದ್ಲು, ಇನ್ನೇನು.”

“ಯಾರು?”

“ನೀನ ನಾಲ್ಕ ತಿಂಗಳ ಓದಿದ್ಯಲ್ಲ. ಅವ ಬರ್ತಾನ ಇವ ಬರ್ತಾನ ಅಂತ. ಬರ್ತಾನ ಅನ್ನೋ ಹೊತ್ತಿಗಾಗ್ಲೆ ಹೊಟ್ಟ್ಯಾಗ ಇದ್ದಂಗಾತಲ್ಲ. ಕಾಣೂದಿಲ್ಲ ಅಂದ್ರ ಇಲ್ಲಂತೇನು?” ಸುಣ್ಣ ಹಚ್ಚಿದಳು. ಧ್ವನಿ ಸಣ್ಣದಾಯಿತು. “ಸೊಸಿ ಬಸರಿದ್ದಾಗ ಅತ್ತಿ ಸಾಯ್ತಾಳಪ್ಪ. ಕೂಸಿನ ಮುಖಾ ನೋಡ್ಲಿಲ್ಲ ಆಕಿ. ಅಷ್ಟಕ್ಕ ಆ ಕೂಸು ಆಕಿ ಮೊಮ್ಮಗ ಅಲ್ಲ ಅನ್ನಾಕ ಬರ್ತೈತೇನು? ನಮ್ಮತ್ತಿನೂ ಹಂಗ. ಹೊರಗಿನಾಕಿ ಅಲ್ಲ. ಮುದುಕಗ ಇದನ್ನ ಹೇಳೋದಿತ್ತು.”

ನಾನು ಪುಸ್ತಕ ಮುಚ್ಚಿದೆ.

ಅವನಿಗೆ ಆ ಉತ್ತರ ಅವಳಿಂದಲೇ ಸಿಗುತ್ತಿತ್ತು. ನಾನು ಹೋಗಿ ಓದಿದ್ದರೆ ಸಾಕಿತ್ತು. ಇದನ್ನು ಯಾವ ಪ್ರಸಂಗದಲ್ಲೂ ಹೇಳಬಾರದು. ಇದು ಅವಳದು.

30 ನವೆಂಬರ್, ಭಾನುವಾರ

ಈ ವರ್ಷದ ಕೊಪ್ಪಳದ ಪ್ರಸಂಗಕ್ಕೆ ಅಳವಂಡಿಯ ಎಳೆಯ ಪಾಲಕರನ್ನು ಕರೆದಿದ್ದರು. ಚೆನ್ನಾಗಿ ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೋದ ವರ್ಷ ಇಲ್ಲಿ ಹೇಳಿದ ಒಂದು ಕತೆ ನಿಜವಲ್ಲ ಎಂದು ಮೇಲ್ವಿಚಾರಕರು ಎದ್ದು ನಿಂತು ಹೇಳಿದರು. ನನ್ನ ಹೆಸರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಮುಖ ಸುಟ್ಟ ಹಾಗಾಯಿತು. ಈ ಸುಡುವುದು ನಿಲ್ಲುವುದಿಲ್ಲವೆಂದು ಕಾಣುತ್ತದೆ.

25 ಡಿಸೆಂಬರ್ 1980, ಗುರುವಾರ

ಇವತ್ತು ಬಹಳ ದೊಡ್ಡ ತಪ್ಪಾಯಿತು. ಇದ್ದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ಬೇವೂರಿನಲ್ಲಿ ಹಾಡು ಪ್ರಾರ್ಥನೆ ಮುಗಿಸಿ ಅಲ್ಲೇ ಉಳಿದಿದ್ದೆ. ಯಲಬುರ್ಗಾದಲ್ಲಿ ಕ್ರಿಸ್ಮಸ್ ಆರಾಧನೆ ಒಂಬತ್ತಕ್ಕೆ. ಬೆಳಕು ಹರಿದಾಗ ಹೊರಟೆ. ಊರ ಬಾಯಿಯಲ್ಲಿ ಕರಿಯವ್ವ ಕೋಲೂರಿಕೊಂಡು ನಡೆದಿದ್ದಳು, ಜೊತೆಗೆ ಶಾಮೀದಸಾಬನ ಅಳಿಯ. ಶಾಮೀದಸಾಬನ ಮಗಳು ನೂರಜಾನಬಿಗೆ ಬ್ಯಾನಿ ಶುರುವಾಗಿದೆಯಂತೆ, ಮೂರು ಮೈಲಿ ಆಚೆ ಹೊಲದ ಮನೆಯಲ್ಲಿ. ಮೊದಲ ಹೆರಿಗೆ. ಶಾಮೀದಸಾಬ ಬಳೆ ತರಲು ಗಂಗಾವತಿಗೆ ಹೋಗಿದ್ದಾನೆ. ಕರಿಯವ್ವನ ಮೊಣಕಾಲು ಈಗೀಗ ಏಳುವುದಿಲ್ಲ. ಹತ್ತು ಎಂದು ಹಿಂದೆ ಕೂರಿಸಿಕೊಂಡೆ. ಯಲಬುರ್ಗಾಕ್ಕೆ ಅದು ವಿರುದ್ಧ ದಿಕ್ಕು. ಬಿಟ್ಟು ತಿರುಗಿ ಬಂದರಾಯಿತು ಎಂದುಕೊಂಡೆ. ಅರ್ಧ ದಾರಿ ಹಸಿ ಎರೆ ಮಣ್ಣು, ತಳ್ಳಬೇಕಾಯಿತು.

ಕೂಸು ಅಡ್ಡ ಇತ್ತು. ಕರಿಯವ್ವ ಒಮ್ಮೆ ಹೊರಗೆ ಬಂದು, “ಹಬ್ಬ ಐತಿ ನಿಂದು, ಹೋಗು ತಮ್ಮಾ” ಎಂದಳು. ಆಸ್ಪತ್ರೆಗೆ ಒಯ್ಯುವುದಾದರೆ ಬಂಡಿ ಹೂಡಲು ಇನ್ನೊಬ್ಬರು ಬೇಕಾಗುತ್ತಾರೆ ಎಂದು ನಿಂತೆ. ಅಳಿಯ ಬಾಗಿಲು ಬಿಟ್ಟು ಕದಲಲೊಲ್ಲ. ಎತ್ತು ಹಿಡಿದು ತಂದು ಕಟ್ಟಿದೆ. ನೀರು ಸೇದಿ ಕೊಟ್ಟೆ. ಒಳಗಿನಿಂದ ಕರಿಯವ್ವನ ಧ್ವನಿ ಕೇಳುತ್ತಿತ್ತು, “ಅವಸರ ಮಾಡಬ್ಯಾಡವ್ವಾ, ತಿರುಗಾಕ ಹತ್ತೈತಿ, ತಾನ ಬರ್ತೈತಿ.” ಹತ್ತು ಗಂಟೆ ದಾಟಿದಾಗ ಕೂಸು ಅತ್ತಿತು. ಹೆಣ್ಣು. ಅಳಿಯ ಅತ್ತ. ಯಾಕೋ ನಾನೂ.

ಯಲಬುರ್ಗಾ ಮುಟ್ಟಿದಾಗ ಒಂದು ಗಂಟೆ. ಗುಡಿಯೊಳಗೆ ಇನ್ನೂ ಇಪ್ಪತ್ತೈದು ಜನ ಕೂತಿದ್ದರು. ಮಾರ್ತಮ್ಮ ತನಗೆ ಬರುವ ಹಾಡುಗಳನ್ನೆಲ್ಲ ಎರಡೆರಡು ಸಲ ಹಾಡಿಸಿದ್ದಳಂತೆ. ಮೊಣಕಾಲ ತನಕ ಕೆಸರು, ಅಂಗಿಯ ಮೇಲೆ ಎತ್ತಿನ ಜೊಲ್ಲು, ಹಾಗೆಯೇ ಮುಂದೆ ಹೋಗಿ ನಿಂತೆ. ಏನು ಹೇಳಬೇಕೆಂದು ಯೋಚಿಸಿದ್ದೆಲ್ಲ ಹೋಗಿತ್ತು. ತಡವಾಯಿತು, ಶಾಮೀದಸಾಬನ ಮಗಳ ಹೆರಿಗೆ ಇತ್ತು ಎಂದೆ.

“ಏನಾತ್ರಿ?” ಎಂದು ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು.

“ಹೆಣ್ಣು.”

“ತಾಯಿ ಹೆಂಗದಾಳ್ರಿ?”

“ಛಲೋ ಅದಾಳ.”

ಎಲ್ಲರೂ ಮಾತಾಡತೊಡಗಿದರು, ಯಾವ ಕಡೆ ತಿರುಗಿತ್ತು, ಎಷ್ಟು ಹೊತ್ತಾಯಿತು, ಎಣ್ಣೆ ತಿಕ್ಕಿದರೋ ಇಲ್ಲವೋ. ಮಾರ್ಚ್‌ನಲ್ಲಿ ನನಗೆ ಕೈ ಮುಗಿಯದ ಇಬ್ಬರಲ್ಲಿ ಒಬ್ಬರು ಕುಡಿಯಲು ನೀರು ತಂದುಕೊಟ್ಟರು. ವೇದಪಾಠ ಓದುವುದನ್ನೇ ಮರೆತೆ. ಪ್ರಸಂಗ ಆಗಲೇ ಇಲ್ಲ. ಆಶೀರ್ವಾದ ಹೇಳಿ ಕಳಿಸಿದೆ.

ಹಬ್ಬದ ದಿನ ಸಭೆಯನ್ನು ನಾಲ್ಕು ತಾಸು ಕಾಯಿಸಿದ್ದಕ್ಕೆ ಕ್ಷಮೆ ಇಲ್ಲ. ನಾಚಿಕೆಯಾಗುತ್ತದೆ. ಬೇರೆಯವರಿಂದ ತಿಳಿಯುವ ಮೊದಲು ಮೇಲ್ವಿಚಾರಕರಿಗೆ ನಾನೇ ಕಾಗದ ಬರೆಯಬೇಕು. ಆದರೆ ನಾಳೆ ಆಗುವುದಿಲ್ಲ. ಕೂಸು ಸರಿಯಾಗಿ ಮೊಲೆ ಹಿಡಿಯುತ್ತಿಲ್ಲ, ಬೆಳಗ್ಗೆ ಮತ್ತೆ ನೋಡಬೇಕು ಎಂದಿದ್ದಾಳೆ ಕರಿಯವ್ವ, ಅವಳಿಂದ ಅಷ್ಟು ದೂರ ನಡೆಯುವುದಾಗುವುದಿಲ್ಲ. ಕೋಳಿ ಕೂಗುವ ಹೊತ್ತಿಗೇ ಹೊರಡುತ್ತೇನೆ.